ಸರಾಸರಿಯ ಇಂಟರ್ವಲ್‌ನಲ್ಲಿ ಚೀಲ ಹುಡುಕಬೇಡಿ

ಥೀಸಿಸ್ ಕೊಡುವ ಸಮಯ ಬಂತೆಂದರೆ ಧಾರವಾಡದಲ್ಲಿ ನನ್ನಂಥ ಸ್ಟ್ಯಾಟಿಸ್ಟಿಕ್ಸ್‌ನವರಿಗೆ ಪುರುಸೊತ್ತಿಲ್ಲ. ಹುಡುಗರ ಲೆಕ್ಕ ಸರಿಯೇ ಇರುತ್ತದೆ, ಸಾಫ್ಟ್‌ವೇರ್ ಮಾಡಿಕೊಟ್ಟಿರುತ್ತದಲ್ಲ. ಟೇಬಲ್ ಕೆಳಗಿನ ಸಾಲು ಮಾತ್ರ ಪ್ರತಿ ವರ್ಷ ಅದೇ ತಪ್ಪು: ‘ಶೇಕಡಾ 95 ಮಾದರಿಗಳು ಈ ಇಂಟರ್ವಲ್ ಒಳಗಿವೆ.’ ಇರುವುದಿಲ್ಲ ಮಾರಾಯರೇ! (ಇಲ್ಲಿ ಇಂಟರ್ವಲ್ ಅಂದರೆ ಕಾನ್ಫಿಡೆನ್ಸ್ ಇಂಟರ್ವಲ್: ಕೆಲವನ್ನಷ್ಟೇ ಅಳೆದು, ಇಡೀ ಗುಂಪಿನ ಸರಾಸರಿ ಇಷ್ಟರಿಂದ ಇಷ್ಟರೊಳಗೆ ಇರಬಹುದು ಎಂದು ಹೇಳುವ ವ್ಯಾಪ್ತಿ.)

ಬ್ಯಾಡಗಿ ಮೆಣಸಿನಕಾಯಿಯ ದೊಡ್ಡ ಲಾಟ್ ಒಂದರಲ್ಲಿ 25 ಚೀಲ ತೂಗಿದಿರಿ ಅಂದುಕೊಳ್ಳಿ. ಸರಾಸರಿ 40 ಕೆಜಿ, ಸ್ಟ್ಯಾಂಡರ್ಡ್ ಡೀವಿಯೇಶನ್ (ತೂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 2.5. ಅದನ್ನು 25ರ ವರ್ಗಮೂಲದಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿಯ ಅಂದಾಜು ಎಷ್ಟು ಆಚೀಚೆ ಆಗಬಹುದು ಎಂಬ ಅಳತೆ, 0.5. ಟಿ ಟೇಬಲ್‌ನಲ್ಲಿ 25ಕ್ಕೆ ಒಂದು ಕಡಿಮೆ, 24ರ ಎದುರು ಶೇಕಡಾ 95ಕ್ಕೆ ಬೇಕಾದ ಗುಣಕ 2.064 ಇದೆ. ಗುಣಿಸಿದರೆ 1.03. ಸರಾಸರಿಗೆ ಅಷ್ಟನ್ನು ಕಳೆದು, ಕೂಡಿದರೆ ಇಂಟರ್ವಲ್ 38.97ರಿಂದ 41.03. (ಸಣ್ಣ ಮಾದರಿಗೆ ಈ ದಾರಿ ತೋರಿಸಿದ ಗೊಸೆಟ್, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ನೌಕರ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಲ್ಲಿ ಬರೆದ.)

ಈಗ ಚೀಲಗಳನ್ನೇ ನೋಡಿ. ತೂಕ ಗಂಟೆಯಾಕಾರದಲ್ಲಿ ಹರಡಿದ್ದರೆ, 39ರಿಂದ 41ರೊಳಗೆ ಸಿಗುವುದು ಸುಮಾರು ಎಂಟು ಚೀಲ. ಉಳಿದ ಹದಿನೇಳು ಹೊರಗೆ! ಯಾಕೆಂದರೆ ಆ ಇಂಟರ್ವಲ್ ಚೀಲಗಳದ್ದಲ್ಲ, ಇಡೀ ಲಾಟಿನ ಸರಾಸರಿಯದ್ದು. 25ರ ಬದಲು 100 ಚೀಲ ತೂಗಿ. ಇಂಟರ್ವಲ್ ಅರ್ಧಕ್ಕೆ ಇಳಿಯುತ್ತದೆ. ಹಾಗಂತ ಚೀಲಗಳ ತೂಕದ ಏರುಪೇರು ಕಡಿಮೆ ಆಯಿತೇ? ಚೀಲಕ್ಕೇನು ಗೊತ್ತು ನೀವು ಎಷ್ಟು ತೂಗಿದಿರಿ ಅಂತ.

ಇದನ್ನು ಹೇಳಿದಾಗ ಹಾವೇರಿ ಕಡೆಯ ಹುಡುಗನೊಬ್ಬ, ‘ಹಂಗಾರ ಆ 95 ಯಾತರದ್ರೀ ಸರ?’ ಅಂದ. ಸರಿಯಾದ ಪ್ರಶ್ನೆ, ಖುಷಿಯಾಯಿತು. ಅದು ವಿಧಾನದ್ದು. ಮತ್ತೆ ಮತ್ತೆ ಹೊಸ 25 ಚೀಲ ಆರಿಸಿ, ಪ್ರತಿ ಸಲ ಹೊಸ ಇಂಟರ್ವಲ್ ಕಟ್ಟುತ್ತಾ ಹೋದರೆ, ನೂರಕ್ಕೆ ಸುಮಾರು 95 ಸಲ ಲಾಟಿನ ನಿಜವಾದ ಸರಾಸರಿ ಒಳಗೆ ಬೀಳುತ್ತದೆ. ಸಂಖ್ಯಾಶಾಸ್ತ್ರಜ್ಞ ನೇಮನ್ 1937ರಲ್ಲಿ ಕೊಟ್ಟ ಅರ್ಥ ಇದೇ. ನಿಮ್ಮ ಕೈಯಲ್ಲಿರುವ ಈ ಒಂದು ಇಂಟರ್ವಲ್ ಹಿಡಿಯಿತೋ ಬಿಟ್ಟಿತೋ, ಅದನ್ನು ಆ 95 ಹೇಳುವುದಿಲ್ಲ.

ಇಷ್ಟೆಲ್ಲ ನಡೆಯುವುದು ಚೀಲಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ. ಹಮಾಲರು ಒಟ್ಟಿದ ರಾಶಿಯಲ್ಲಿ ಮುಂದಿನ ಸಾಲನ್ನಷ್ಟೇ ತೂಗಿ ಬಂದಿದ್ದರೆ ಯಾವ ಸೂತ್ರವೂ ಕಾಪಾಡುವುದಿಲ್ಲ. ಇಂಥ ಡೇಟಾ ತಂದವರಿಗೆ ನಾನು ಸುಮ್ನೆ ಚಹಾ ಕುಡಿಸಿ ಕಳಿಸುತ್ತೇನೆ.

ಮುಂದಿನ ಒಂದು ಚೀಲ ಎಷ್ಟು ತೂಗಬಹುದು ಅಂತ ಖರೀದಿದಾರ ಕೇಳಿದರೆ ಅದಕ್ಕೆ ಪ್ರಿಡಿಕ್ಷನ್ ಇಂಟರ್ವಲ್ ಎಂಬ ಬೇರೆ ಲೆಕ್ಕವಿದೆ. ಇದೇ ಅಂಕಿಗಳಿಗೆ ಅದು 34.7ರಿಂದ 45.3. ಹುಡುಗ ಅದನ್ನು ಕಂಡು, ‘ಇಷ್ಟ ಅಗಲ ಬರದ್ರ ಗೈಡ್ ಬೈತಾರ್ರೀ’ ಅಂದ. ಬೈಯಲಿ, ಬರಿ ಅಂದೆ.