ಅವಲಂಬನೆ ಎಂದರೆ ಚಟವಲ್ಲ

ಹುಬ್ಬಳ್ಳಿಯ ಒಂದು ವ್ಯಸನಮುಕ್ತಿ ಕಾರ್ಯಕ್ರಮದಲ್ಲಿ ಹಂಚಿದ ಕರಪತ್ರ ಕೈಗೆ ಬಂತು. ಬಿಡಬೇಕಾದ ಚಟಗಳ ಸಾಲಿನಲ್ಲಿ ಗುಟ್ಕಾ, ಸೆರೆ, ಗಾಂಜಾ ಆದಮೇಲೆ ‘ಮಾನಸಿಕ ರೋಗದ ಗುಳಿಗೆಗಳ ಅವಲಂಬನೆ’ ಎಂದೂ ಇತ್ತು. ಈ ಮಾತು ಹೊಸದೇನೂ ಅಲ್ಲ. “ಆ ಗುಳಿಗಿ ತಗೋಬ್ಯಾಡ್ರಿ, ಚಟಾ ಬೀಳತೈತಿ” ಅನ್ನುವುದನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬಂದವರ ನಡುವೆಯೂ ಕೇಳಬಹುದು, ಮದುವೆಮನೆಯ ಪಂಕ್ತಿಯಲ್ಲೂ ಕೇಳಬಹುದು. ಆಡುಮಾತಿನಲ್ಲಿ ಬಂದರೆ ಹೋಗಲಿ ಬಿಡಿ. ಜನರಿಗೆ ತಿಳಿವಳಿಕೆ ಕೊಡಲೆಂದೇ ಅಚ್ಚು ಹಾಕಿಸಿದ ಕಾಗದದಲ್ಲಿ ಬಂದರೆ ಸುಮ್ನೆ ಇರಲು ಆಗುವುದಿಲ್ಲ. ಇದನ್ನು ನಂಬಿ ಗುಳಿಗೆ ಬಿಟ್ಟವರಲ್ಲಿ ಕೆಲವರು ಫಿಟ್ಸ್ ಬಂದು ಬೀಳುತ್ತಾರೆ.

ಪದಗಳನ್ನೇ ಬಿಡಿಸಿ ನೋಡೋಣ. ವ್ಯಸನದ ಮೂಲದಲ್ಲಿರುವುದು ‘ಎಸೆ’ ಎಂಬ ಅರ್ಥದ ಧಾತು. ಅರ್ಥಶಾಸ್ತ್ರದ ಎಂಟನೇ ಅಧಿಕರಣ ಪೂರ್ತಿ ವ್ಯಸನಗಳ ಬಗ್ಗೆಯೇ ಇದೆ. ಮನುಷ್ಯನನ್ನು ಅವನ ಒಳಿತಿನಿಂದ ಆಚೆ ಎಸೆಯುವುದೇ ವ್ಯಸನ ಎಂದು ಕೌಟಿಲ್ಯ ಅಲ್ಲಿ ಹೇಳುತ್ತಾನೆ. ರಾಜನಿಗೆ ವ್ಯಸನ ಬರುತ್ತದೆ, ಬೊಕ್ಕಸಕ್ಕೆ ಬರುತ್ತದೆ, ಸೈನ್ಯಕ್ಕೂ ಬರುತ್ತದೆ. ಬೇಟೆ, ಜೂಜು, ಹೆಣ್ಣು, ಕುಡಿತ ಇವು ಕಾಮದಿಂದ ಹುಟ್ಟುವ ವ್ಯಸನಗಳು. ಕೇಡು ಎಂಬ ಈ ಹಳೆಯ ಅರ್ಥ ಕನ್ನಡದಲ್ಲಿ ದುಃಖದ ಕಡೆಗೂ ಹೊರಳಿತು. ‘ಸುದ್ದಿ ಕೇಳಿ ವ್ಯಸನವಾಯಿತು’ ಎಂದು ಹಿರಿಯರು ಈಗಲೂ ಬರೆಯುತ್ತಾರೆ.

ಚಟಕ್ಕೆ ಇಂಗ್ಲಿಷಿನಲ್ಲಿ ಹೇಳುವ ಅಡಿಕ್ಷನ್ ಎಂಬ ಪದ ರೋಮ್‌ನ ಕಾನೂನಿನಿಂದ ಬಂದದ್ದು. ಅಲ್ಲಿ ಸಾಲ ತೀರಿಸದವನನ್ನು ಸಾಲ ಕೊಟ್ಟವನ ವಶಕ್ಕೆ ಒಪ್ಪಿಸುತ್ತಿದ್ದರು. ಹಾಗೆ ಒಪ್ಪಿಸಿದ ಮನುಷ್ಯನಿಗೆ ಅಡಿಕ್ಟಸ್ ಎಂಬ ಹೆಸರು. ನಮ್ಮ ಜೀತದಾಳು ಅನ್ನಿ. ಮೈ ಅವನದೇ, ಆದರೆ ಅದರ ಮೇಲಿನ ಹಕ್ಕು ಬೇರೆಯವನದು.

ಅವಲಂಬನೆಯಲ್ಲಿ ಇಂಥದ್ದೇನೂ ಇಲ್ಲ. ‘ಲಂಬ್’ ಅಂದರೆ ತೂಗು, ಜೋತುಬೀಳು. ಅವಲಂಬನೆಗೆ ಇಂಗ್ಲಿಷಿನಲ್ಲಿ ಹೇಳುವ ಡಿಪೆಂಡೆನ್ಸ್ ಎಂಬುದರ ಲ್ಯಾಟಿನ್ ಮೂಲಕ್ಕೂ ತೂಗು ಎಂದೇ ಅರ್ಥ. ತೊಟ್ಟಿಲು ಹಗ್ಗವನ್ನು ಅವಲಂಬಿಸಿದೆ. ಹಗ್ಗವನ್ನು ಒಮ್ಮೆಲೇ ಕೊಯ್ದರೆ ಕೂಸು ನೆಲಕ್ಕೆ ಬೀಳುತ್ತದೆ. ಅದಕ್ಕಾಗಿ ತೊಟ್ಟಿಲಿಗೆ ಹಗ್ಗದ ಚಟ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ದಿನಾ ತೆಗೆದುಕೊಳ್ಳುವ ವಸ್ತುವಿಗೆ ಶರೀರ ಹೊಂದಿಕೊಂಡಿದೆ, ತಟ್ಟನೆ ನಿಲ್ಲಿಸಿದರೆ ಅದು ತೊಂದರೆ ಕೊಡುತ್ತದೆ. ಅವಲಂಬನೆ ಅಂದರೆ ಇಷ್ಟೇ. ಚಟಕ್ಕೆ ಬೇರೆ ಲಕ್ಷಣಗಳಿವೆ: ಬೇಕೇ ಬೇಕೆಂಬ ಸೆಳೆತ, ಎಷ್ಟಕ್ಕೆ ನಿಲ್ಲಿಸಬೇಕೆಂಬ ಹಿಡಿತ ತಪ್ಪುವುದು, ಮನೆ ಮುಳುಗಿದರೂ ಬಿಡದಿರುವುದು. ನಮ್ಮ ಜನ ಚಟವನ್ನು ಗುರುತಿಸುವುದೂ ಹೀಗೆಯೇ. ಓಸಿ, ಮಟ್ಕಾ ಆಡುವವನ ಹೊಟ್ಟೆಗೆ ಯಾವ ವಸ್ತುವೂ ಹೋಗುವುದಿಲ್ಲ. ಆದರೂ ಹೆಂಡತಿಯ ತಾಳಿ ಒತ್ತೆ ಇಟ್ಟ ದಿನ ಇಡೀ ಓಣಿ ಅದನ್ನು ಚಟ ಅನ್ನುತ್ತದೆ. ಓಣಿ ಹೇಳಿದ್ದು ಸರಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಜೂಜನ್ನು ಮಾದಕ ವಸ್ತುಗಳ ಜೊತೆಗೆ ಒಂದೇ ಅಧ್ಯಾಯಕ್ಕೆ ಸೇರಿಸಿತು.

ಈ ಗೊಂದಲದಲ್ಲಿ ವೈದ್ಯರ ಪಾಲೂ ಇದೆ. 1957ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಚಟ ಬೇರೆ, ಬರೀ ರೂಢಿ ಬೇರೆ ಎಂದು ಎರಡು ಮಾಡಿತು. ಅದು ನಿಲ್ಲಲಿಲ್ಲ. 1964ರಲ್ಲಿ ಅದೇ ಸಂಸ್ಥೆಯ ಸಮಿತಿ ಎರಡನ್ನೂ ಬಿಟ್ಟು ‘ಡಿಪೆಂಡೆನ್ಸ್’ ಎಂಬ ಒಂದೇ ಪದ ಇಟ್ಟುಕೊಂಡಿತು. 1987ರ ಅಮೆರಿಕದ ಕೈಪಿಡಿಯೂ ಅದೇ ಪದ ಆರಿಸಿತು. ಆ ಕೈಪಿಡಿಯ ಸಮಿತಿಯಲ್ಲಿ ಅದು ಗೆದ್ದದ್ದು ಒಂದೇ ಒಂದು ಮತದಿಂದ. ಅಡಿಕ್ಷನ್ ಅಂದರೆ ರೋಗಿಗೆ ಕಳಂಕ ಅಂಟುತ್ತದೆ ಎಂಬ ಕಾಳಜಿ ಅವರದು. ಆದರೆ ಆಗಿದ್ದೇನು? ಕಳಂಕ ಅವಲಂಬನೆ ಎಂಬ ಪದಕ್ಕೂ ಬಂದು ಅಂಟಿತು. ಚಟದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ವೈದ್ಯರಾದ ಚಾರ್ಲ್ಸ್ ಓಬ್ರಿಯನ್, ನೋರಾ ವೋಲ್ಕೋವ್ ಮತ್ತು ಅವರ ಜೊತೆಗಾರರು 2006ರಲ್ಲಿ ಇದನ್ನು ಬಿಚ್ಚಿ ಬರೆದರು. ಈ ಪದದ ಗೊಂದಲದಿಂದ ವೈದ್ಯರು ನೋವಿನಲ್ಲಿರುವ ರೋಗಿಗೂ ಸಾಕಷ್ಟು ಔಷಧ ಕೊಡಲು ಹೆದರುತ್ತಿದ್ದಾರೆ ಎಂಬುದು ಅವರ ದೂರು. 2013ರ ಕೈಪಿಡಿ ಆ ಪದವನ್ನು ಕಾಯಿಲೆಯ ಹೆಸರಿನಿಂದ ತೆಗೆಯಿತು. ವೈದ್ಯರು ಹೇಳಿದಂತೆ ಗುಳಿಗೆ ತೆಗೆದುಕೊಳ್ಳುವವರಲ್ಲಿ ಶರೀರ ಹೊಂದಿಕೊಂಡದ್ದನ್ನು, ಬಿಟ್ಟಾಗ ಆಗುವ ತೊಂದರೆಯನ್ನು ಚಟದ ಲಕ್ಷಣವಾಗಿ ಎಣಿಸಬಾರದು ಎಂದೂ ಸ್ಪಷ್ಟವಾಗಿ ಬರೆಯಿತು. ಕರಪತ್ರ ಬರೆಯುವವರಿಗೆ ಈ ಒಂದು ಸಾಲು ಗೊತ್ತಿದ್ದರೆ ಸಾಕಿತ್ತು.

ಅವಲಂಬನೆ ಅಂದರೆ ಚಟದಷ್ಟು ಗಂಭೀರ ಅಲ್ಲ ಅಂತ ಮಾತ್ರ ಯಾರೂ ತಿಳಿಯಬೇಡಿ. ಕೆಲವೊಮ್ಮೆ ಜೀವ ತೆಗೆಯುವುದು ಅದೇ. ಸೆರೆ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ದಿನಾ ಕುಡಿಯುವವನ ಮಿದುಳು ಅದಕ್ಕೆ ಎದುರಾಗಿ ತನ್ನ ಕೆಲಸ ಏರಿಸಿಕೊಂಡಿರುತ್ತದೆ. ಸೆರೆ ತಟ್ಟನೆ ನಿಂತಾಗ ಏರಿದ್ದು ಇಳಿಯುವುದಿಲ್ಲ. ಕೆಲವು ಗಂಟೆಗಳಲ್ಲಿ ಕೈ ನಡುಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳುತ್ತದೆ.

ಇದೆಲ್ಲ ಹೊಟ್ಟೆಗೆ ಸರಿಯಾಗಿ ತಿನ್ನದ್ದರಿಂದ ಆಗುತ್ತದೆ ಎಂದು ಬಹಳ ವೈದ್ಯರು ನಂಬಿದ್ದರು. 1955ರಲ್ಲಿ ಹ್ಯಾರಿಸ್ ಇಸ್ಬೆಲ್ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ನಡೆಸಿದ ಪ್ರಯೋಗದ ವರದಿ ಬಂತು. ಹಿಂದೆ ಮಾರ್ಫಿನ್ ಚಟ ಇದ್ದ 10 ಜನರಿಗೆ ಒಳ್ಳೆಯ ಊಟ, ವಿಟಮಿನ್ ಎಲ್ಲ ಕೊಟ್ಟು ವಾರಗಟ್ಟಲೆ ಮದ್ಯ ಕುಡಿಸಿ, ಆಮೇಲೆ ಒಮ್ಮೆಲೇ ನಿಲ್ಲಿಸಿದರು. ಬಹಳ ದಿನ ಕುಡಿದವರಲ್ಲಿ ಕೆಲವರಿಗೆ ಫಿಟ್ಸ್ ಬಂತು, ಕೆಲವರಿಗೆ ಭ್ರಮೆ ಹಿಡಿಯಿತು. ಇದು ತಟ್ಟನೆ ಬಿಟ್ಟದ್ದರ ಪರಿಣಾಮ ಎಂದು ಅಲ್ಲಿ ಖಚಿತವಾಯಿತು. ಆ ಮನುಷ್ಯರು ಕೈದಿಗಳು. ಅವರನ್ನು ಹೀಗೆ ಬಳಸಲು ಇಂದು ಯಾವ ಸಂಶೋಧನಾ ನೀತಿ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಅಷ್ಟು ಬೆಲೆ ಕೊಟ್ಟು ತಿಳಿದ ವಿಷಯವನ್ನು ನಾವು ಮರೆತು ಕೂರುವುದು ಇನ್ನೂ ದೊಡ್ಡ ತಪ್ಪು.

ನಮ್ಮ ಕಡೆ ಶ್ರಾವಣ ಬಂತೆಂದರೆ ಎಷ್ಟೋ ಜನ ಸೆರೆ ಬಿಡುತ್ತಾರೆ. ಮಾಲೆ ಹಾಕಿದವರೂ ಬಿಡುತ್ತಾರೆ. ಆಗೊಮ್ಮೆ ಈಗೊಮ್ಮೆ ಕುಡಿಯುವವರಿಗೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಮುಂಜಾನೆಯಿಂದಲೇ ಕುಡಿಯುವವನು ಹಾಗೆ ಬಿಟ್ಟಾಗ, ಇಲ್ಲವೇ ಕಾಲು ಮುರಿದು ದವಾಖಾನೆಯಲ್ಲಿ ಮಲಗಿದಾಗ, ಮೂರನೇ ದಿನ ಗೋಡೆಯ ಮೇಲೆ ಹುಳ ಹರಿದಾಡುತ್ತಿವೆ ಅನ್ನುತ್ತಾನೆ. “ಗಾಳಿ ಸೋಕೇತ್ರಿ” ಎಂದು ಮನೆಯವರು ಅಂಗಾರ ಹಚ್ಚಲು ಓಡುತ್ತಾರೆ. ಅವನಿಗೆ ಬೇಕಾದದ್ದು ತುರ್ತು ಚಿಕಿತ್ಸೆ: ಮಿದುಳನ್ನು ಶಾಂತಗೊಳಿಸುವ ಔಷಧ, ಬಿ1 ವಿಟಮಿನ್, ರಾತ್ರಿಯಿಡೀ ನಿಗಾ. ಬಿಡಬೇಕೆಂಬ ಅವನ ಮನಸ್ಸು ಒಳ್ಳೆಯದೇ. ವೈದ್ಯರಿಗೆ ತಿಳಿಸಿ ಬಿಟ್ಟರೆ ಜೀವಕ್ಕೆ ಅಪಾಯ ಕಡಿಮೆ.

ಇನ್ನು ಫಿಟ್ಸ್ ಗುಳಿಗೆ. ಹುಡುಗಿಗೆ ವರ ಗೊತ್ತಾಯಿತೆಂದರೆ ಮೊದಲು ಬಿಡಿಸುವುದು ಇದನ್ನೇ. ಗಂಡನ ಮನೆಯಲ್ಲಿ ಗುಳಿಗೆ ಕಂಡರೆ ಏನೆಂದಾರು ಎಂಬ ಹೆದರಿಕೆ. “ಎಷ್ಟ ದಿನಾ ಅಂತ ನುಂಗತೀ, ಚಟಾ ಆದೀತು” ಎಂಬ ಮಾತು ಆ ಹೆದರಿಕೆಗೆ ಒಳ್ಳೆಯ ನೆಪ. ತಟ್ಟನೆ ಬಿಟ್ಟರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು ಬರಬಹುದು. ನಿಧಾನವಾಗಿ ಬಿಟ್ಟರೆ? ಅದನ್ನೂ ಪರೀಕ್ಷಿಸಿದ್ದಾರೆ. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಕನಿಷ್ಠ ಎರಡು ವರ್ಷ ಫಿಟ್ಸ್ ಬಾರದ 1013 ಜನ ಇದ್ದರು. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಮುಂದಿನ ಎರಡು ವರ್ಷ ಫಿಟ್ಸ್ ಇಲ್ಲದೆ ಉಳಿದವರು ಗುಳಿಗೆ ಮುಂದುವರಿಸಿದವರಲ್ಲಿ ಶೇ. 78, ನಿಧಾನವಾಗಿ ಬಿಟ್ಟವರಲ್ಲಿ ಶೇ. 59. ಅಂದರೆ ಬಿಡಲು ಸಾಧ್ಯವಾದವರೂ ಬಹಳ ಜನ ಇದ್ದಾರೆ. ಯಾರು, ಯಾವಾಗ ಎಂಬುದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಬೇಕು. ಲಗ್ನಪತ್ರಿಕೆ ನೋಡಿ ತೀರ್ಮಾನಿಸುವ ವಿಷಯ ಇದಲ್ಲ.

ಖಿನ್ನತೆಯ ಗುಳಿಗೆಯ ಕಥೆಯೂ ಹೆಚ್ಚುಕಡಿಮೆ ಇದೇ. ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗುವುದು, ಸಿಡುಕು, ತಲೆಯಲ್ಲಿ ಕರೆಂಟ್ ಹೊಡೆದ ಅನುಭವ ಕೆಲವರಿಗೆ ಆಗುತ್ತದೆ. ಅದು ಅವಲಂಬನೆಯ ಗುರುತು. ಆ ಗುಳಿಗೆಗಾಗಿ ಕಳ್ಳತನ ಮಾಡಿದವರನ್ನು ಯಾರಾದರೂ ಕಂಡಿದ್ದೀರಾ? 2021ರಲ್ಲಿ ಪ್ರಕಟವಾದ, ಬ್ರಿಟನ್ನಿನ 478 ರೋಗಿಗಳ ಅಧ್ಯಯನದಲ್ಲಿ ಎಲ್ಲರೂ ಚೇತರಿಸಿಕೊಂಡು ಗುಳಿಗೆ ಬಿಡಲು ಸಿದ್ಧರಿದ್ದವರೇ. ಒಂದು ವರ್ಷದೊಳಗೆ ಖಿನ್ನತೆ ಮರಳಿದ್ದು ಗುಳಿಗೆ ಮುಂದುವರಿಸಿದವರಲ್ಲಿ ಶೇ. 39ಕ್ಕೆ, ಬಿಟ್ಟವರಲ್ಲಿ ಶೇ. 56ಕ್ಕೆ.

ಜನರ ಹೆದರಿಕೆಗೆ ಆಧಾರವೇ ಇಲ್ಲ ಎಂದೂ ಹೇಳುವಂತಿಲ್ಲ. ಅಲ್ಪ್ರಾಝೋಲಾಮ್‌ನಂಥ ನಿದ್ದೆ ಗುಳಿಗೆ, ಟ್ರಮಡಾಲ್‌ನಂಥ ನೋವಿನ ಗುಳಿಗೆ ನಿಜಕ್ಕೂ ಚಟವಾಗಬಲ್ಲವು. ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುವವರು ಎಚ್ಚರದಿಂದಿರಬೇಕು. ಇವನ್ನೂ ಬಿಡುವುದು ನಿಧಾನವಾಗಿಯೇ.

ಕಡೆಗೆ ಬ್ಯುಪ್ರೆನಾರ್ಫಿನ್. ಹೆರಾಯಿನ್ ಚಟಕ್ಕೆ ನಾಲಿಗೆಯ ಕೆಳಗಿಡುವ ಈ ಗುಳಿಗೆ ಕೊಟ್ಟರೆ “ಒಂದು ಚಟಾ ಬಿಡಿಸಿ ಇನ್ನೊಂದು ಹಚ್ಚಿದ್ರು” ಅನ್ನುತ್ತಾರೆ. 1965ರಲ್ಲಿ ನ್ಯೂಯಾರ್ಕ್‌ನ ವೈದ್ಯರಾದ ಡೋಲ್ ಮತ್ತು ನೈಸ್ವಾಂಡರ್ ಇದೇ ಬಗೆಯ ಔಷಧವಾದ ಮೆಥಡೋನ್ ಚಿಕಿತ್ಸೆಯ ವರದಿ ಕೊಟ್ಟಾಗಿನಿಂದ ಈ ಆಕ್ಷೇಪ ಇದೆ. ಶರೀರದ ಅವಲಂಬನೆ ಉಳಿಯುತ್ತದೆ, ನಿಜ. ಆದರೆ ಸೆಳೆತ ತಗ್ಗುತ್ತದೆ, ಸೂಜಿ ಹಂಚಿಕೊಳ್ಳುವುದು ತಪ್ಪುತ್ತದೆ, ಮನುಷ್ಯ ಮುಂಜಾನೆ ಎದ್ದು ಕೆಲಸಕ್ಕೆ ಹೋಗುತ್ತಾನೆ. ಈ ಚಿಕಿತ್ಸೆಯಲ್ಲಿರುವಷ್ಟು ದಿನ ಸಾವಿನ ಪ್ರಮಾಣ ಕಡಿಮೆ ಇರುತ್ತದೆ, ನಡುವೆ ಬಿಟ್ಟವರಲ್ಲಿ ಏರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಇಂಥವನನ್ನು ‘ಗುಳಿಗೆ ಬಿಟ್ಟಮೇಲೆ ಬಾ’ ಎಂದು ವಾಪಸ್ ಕಳಿಸುವ ವ್ಯಸನಮುಕ್ತಿ ಕೇಂದ್ರ ಅವನನ್ನು ಮತ್ತೆ ಹೆರಾಯಿನ್ ಕಡೆಗೇ ದೂಡುತ್ತದೆ.