ಔಷಧವೂ ಅಲ್ಲ, ತಂಬಾಕೂ ಅಲ್ಲ: ಇ-ಸಿಗರೇಟು ನಿಷೇಧ ಬಂದ ದಾರಿ

ಇ-ಸಿಗರೇಟಿನಲ್ಲಿ ಎಲೆ ಇಲ್ಲ, ಬೆಂಕಿ ಇಲ್ಲ. ಬ್ಯಾಟರಿಯಿಂದ ಕಾದ ತಂತಿ ನಿಕೋಟಿನ್ ಬೆರೆತ ದ್ರವವನ್ನು ಆವಿ ಮಾಡುತ್ತದೆ. ಅದನ್ನು ಎಳೆದುಕೊಳ್ಳುವುದೇ ವೇಪಿಂಗ್. ಎಲೆ ಇಲ್ಲದ ಕಾರಣಕ್ಕೇ ಅದು ನಮ್ಮ ಕಾನೂನಿನ ಯಾವ ದೊಡ್ಡಿಗೂ ಸೇರದೆ ಬಹಳ ವರ್ಷ ಅಡ್ಡಾಡಿಕೊಂಡಿತ್ತು.

ಚೀನಾದ ಔಷಧತಜ್ಞ ಹೊನ್ ಲಿಕ್ ಈ ಸಾಧನಕ್ಕೆ ಇಂದಿನ ರೂಪ ಕೊಟ್ಟಿದ್ದು 2003ರ ಸುಮಾರಿಗೆ. ನಮ್ಮ ತಂಬಾಕು ನಿಯಂತ್ರಣ ಕಾಯ್ದೆಯೂ ಅದೇ ವರ್ಷದ್ದು. ಅದರಲ್ಲಿ ಇದರ ಸುಳಿವೇ ಇಲ್ಲದಿದ್ದುದು ಸಹಜ.

ಹಾಗಾಗಿ ರಾಜ್ಯಗಳು ಔಷಧ ಕಾನೂನಿನ ಮೊರೆ ಹೋದವು. ಧೂಮಪಾನ ಬಿಡಿಸುವ ಚ್ಯೂಯಿಂಗ್ ಗಮ್, ಚರ್ಮಕ್ಕೆ ಅಂಟಿಸುವ ಪಟ್ಟಿಗಳ ರೂಪದಲ್ಲಿ ನಿಕೋಟಿನ್‌ಗೆ ಒಪ್ಪಿಗೆಯಿದೆ, ಆವಿಯ ರೂಪದಲ್ಲಿ ಇಲ್ಲ ಎಂಬುದು ವಾದ. ಪಂಜಾಬ್ ಮೊದಲು ಹೆಜ್ಜೆಯಿಟ್ಟಿತು. ಕರ್ನಾಟಕ 2016ರ ಜೂನ್‌ನಲ್ಲಿ ಮಾರಾಟ ನಿಷೇಧಿಸಿತು. ಕೇಂದ್ರ 2018ರ ಆಗಸ್ಟ್‌ನಲ್ಲಿ ಎಲ್ಲ ರಾಜ್ಯಗಳಿಗೂ ಸಲಹೆ ಕಳಿಸಿತು. ಆದರೆ 2019ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ಇದು ಮೇಲ್ನೋಟಕ್ಕೆ ಔಷಧವೇ ಅಲ್ಲ ಎಂದು ಕೇಂದ್ರದ ಸುತ್ತೋಲೆಗೆ ತಡೆ ನೀಡಿತು. ಗೋಡೆಯ ಅಡಿಗಲ್ಲೇ ಅಲುಗಿದಂತಾಯಿತು.

ಆಮೇಲಿನದೆಲ್ಲ ಒಂಬತ್ತೇ ತಿಂಗಳಲ್ಲಿ ಮುಗಿಯಿತು. ಮೇನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಅಮೆರಿಕದಲ್ಲಿ ವೇಪಿಂಗ್ ಮಾಡಿದವರು ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರುತ್ತಿದ್ದ ಸುದ್ದಿ ಬಂತು. (ಗಾಂಜಾ ಅಂಶದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದಕ್ಕೆ ಮುಖ್ಯ ಕಾರಣವೆಂದು ತಿಳಿದದ್ದು ತಡವಾಗಿ.) ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ. ಮಾರಿದವರಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದಿದವರಿಗೆ ಶಿಕ್ಷೆಯಿಲ್ಲ. ಸುಗ್ರೀವಾಜ್ಞೆಯ ದಿನ ಷೇರುಪೇಟೆಯಲ್ಲಿ ಸಿಗರೇಟು ಕಂಪನಿಗಳ ಬೆಲೆ ಏರಿತು.

ಹುಡುಗರಿಗೆ ಚಟ ಅಂಟುವ ಮೊದಲೇ ಬಾಗಿಲು ಹಾಕಬೇಕು ಎಂಬ ಸರ್ಕಾರದ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇ-ಸಿಗರೇಟಿನ ಹೆಸರು ಕೇಳಿದ್ದ ವಯಸ್ಕರೇ ಶೇ 3. ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ ಎಂದು ತಂಬಾಕು ಬಳಸುತ್ತಿದ್ದವರು ಶೇ 28.6. ಆ ತಂಬಾಕಿಗೆ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬೆಳೆಗಾರರಿದ್ದಾರೆ, ಹರಾಜು ಕಟ್ಟೆಯಿದೆ, ನೋಡಿಕೊಳ್ಳಲು ಮಂಡಳಿಯಿದೆ, ಬೊಕ್ಕಸಕ್ಕೆ ತೆರಿಗೆಯಿದೆ. ಇ-ಸಿಗರೇಟಿನ ಪರ ಟ್ರ್ಯಾಕ್ಟರ್ ಹತ್ತಿ ಬರುವ ರೈತ ಒಬ್ಬನೂ ಇರಲಿಲ್ಲ.

ಬೇರೆಡೆ ದಾರಿಗಳು ಬೇರೆ. ಬ್ರಿಟನ್ ಸಿಗರೇಟು ಬಿಡಲು ವೇಪ್ ಹಿಡಿಯಿರಿ ಎಂದೇ ಹೇಳುತ್ತ ಬಂದು, ಬಳಸಿ ಬಿಸಾಡುವ ಬಗೆಯನ್ನು ಮಾತ್ರ 2025ರ ಜೂನ್‌ನಿಂದ ನಿಷೇಧಿಸಿದೆ. ಆಸ್ಟ್ರೇಲಿಯಾ ಮಾರಾಟವನ್ನು ಔಷಧ ಅಂಗಡಿಗಷ್ಟೇ ಸೀಮಿತಗೊಳಿಸಿತು. ಅಲ್ಲಿ ಕಳ್ಳಪೇಟೆ ಬೆಳೆದಿದೆ.

ಇಲ್ಲಿಯೂ ವೇಪ್ ಮಾಯವಾಗಿಲ್ಲ. ಬೆಂಗಳೂರಿನಲ್ಲಿ ಪೊಲೀಸರು ಆಗಾಗ ಹಿಡಿಯುತ್ತಾರೆ. ಸಿಗರೇಟು ಪೊಟ್ಟಣದ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮವಿದೆ. ಕದ್ದು ಬರುವ ವೇಪ್‌ನಲ್ಲಿ ನಿಕೋಟಿನ್ ಎಷ್ಟಿದೆ ಎಂದು ಅಳೆದು ನೋಡುವ ಕೆಲಸ ಯಾರದೂ ಅಲ್ಲ.