ಬಾಡಿದ ಹೂವಿನ ತಪ್ಪೇನಿಲ್ಲ

ಗುಲಾಬಿ ಗಿಡದಲ್ಲಿ ಬಾಡಿ ಕಂದಿದ ಹೂವನ್ನು ಕಂಡೊಡನೆ, ಅದು ಗಿಡದ ಸತ್ವವನ್ನೆಲ್ಲ ಹೀರುತ್ತಿದೆ ಎಂದು ಕಿತ್ತೆಸೆಯುವವರಿದ್ದಾರೆ. ಮುಸ್ಸಂಜೆಯಲ್ಲಿ ಮುಟ್ಟಿದರೆ ಗಿಡ ನೊಂದುಕೊಂಡು ಹೂ ಬಿಡುವುದನ್ನೇ ನಿಲ್ಲಿಸುತ್ತದೆ ಎಂದು ಹೆದರುವವರೂ ಇದ್ದಾರೆ. ಎರಡನೆಯವರೊಡನೆ ವಾದಿಸುವ ತಾಳ್ಮೆ ನನಗೆ ಉಳಿದಿಲ್ಲ. ಮೊದಲನೆಯವರ ಮಾತು ಅರ್ಧ ನಿಜವಾದ್ದರಿಂದ ಅದನ್ನು ಬಿಡಿಸಿ ನೋಡಬೇಕು. ಬಾಡಿದ ದಳಗಳು ಏನನ್ನೂ ಹೀರುವುದಿಲ್ಲ. ಅವು ಉದುರುವ ಮೊದಲೇ ಅವುಗಳಲ್ಲಿದ್ದ ಸಾರಜನಕ, ರಂಜಕಗಳ ಒಂದು ಪಾಲನ್ನು ಗಿಡವೇ ವಾಪಸ್ಸು ಎಳೆದುಕೊಂಡಿರುತ್ತದೆ. ಹೀರುವುದು ದಳಗಳ ಬುಡದಲ್ಲಿ ಕಣ್ಣಿಗೆ ಬೀಳದಂತೆ ಕುಳಿತ ಅಂಡಾಶಯ.

ಪರಾಗಸ್ಪರ್ಶದ ನಂತರ ಬೆಳೆಯತೊಡಗುವ ಎಳೆಯ ಬೀಜಗಳು ಆಕ್ಸಿನ್, ಜಿಬ್ಬರೆಲಿನ್‌ಗಳಂಥ ಹಾರ್ಮೋನುಗಳನ್ನು ತಯಾರಿಸುತ್ತ, ಎಲೆಗಳಲ್ಲಿ ಸಿದ್ಧವಾದ ಸಕ್ಕರೆಯನ್ನು ತಮ್ಮತ್ತ ಸೆಳೆಯುತ್ತವೆ. ಈ ಸಕ್ಕರೆನೀರು ಫ್ಲೋಯಮ್ ನಾಳಗಳಲ್ಲಿ ಹರಿಯುವ ಬಗೆಗೆ ಜರ್ಮನಿಯ ಸಸ್ಯವಿಜ್ಞಾನಿ ಅರ್ನ್‌ಸ್ಟ್ ಮುಂಚ್ 1930ರಲ್ಲಿ ಕೊಟ್ಟ ವಿವರಣೆಯನ್ನೇ ಇಂದಿಗೂ ಹೇಳಿಕೊಡುತ್ತಾರೆ: ಸಕ್ಕರೆ ತುಂಬಿಕೊಳ್ಳುವ ಕಡೆ ಒತ್ತಡ ಏರುತ್ತದೆ, ಖರ್ಚಾಗುವ ಕಡೆ ಇಳಿಯುತ್ತದೆ, ಹರಿವು ಆ ವ್ಯತ್ಯಾಸದ ಜಾಡು ಹಿಡಿಯುತ್ತದೆ. ಕಾಲುವೆಯ ನೀರು ತಗ್ಗಿಗೆ ಹರಿದರೆ ಗಿಡದ ಸಕ್ಕರೆಗೆ ಖರ್ಚಿನ ಜಾಗವೇ ತಗ್ಗು. ಮೇಲಿನ ಗದ್ದೆಯವರು ತೂಬು ತೆರೆದುಕೊಂಡು ಕೂತರೆ ಕೊನೆಯ ಗದ್ದೆಗೆ ನೀರು ಬಾರದಿರುವಂತೆ, ಹತ್ತು ಕಾಯಿಗಳು ಬಲಿಯುತ್ತಿರುವ ಕೊಂಬೆಯ ಹೊಸ ಚಿಗುರಿಗೆ ಪಾಲು ಸಿಗುವುದಿಲ್ಲ. ಮದುವೆ ಗೊತ್ತಾದ ಮನೆಯಲ್ಲಿ ಉಳಿದವರ ಹೊಸ ಬಟ್ಟೆ ಮುಂದಿನ ವರ್ಷಕ್ಕೆ ಹೋಗುತ್ತದಲ್ಲ, ಅದೂ ಇದೇ ಲೆಕ್ಕ.

ಆದರೆ ಇದು ಬರಿಯ ಲೆಕ್ಕದ ವಿಷಯವಲ್ಲ. ಒಮ್ಮೆ ಕಾಯಿ ಕಟ್ಟಿ ಸಾಯುವ ಗಿಡಗಳು ಸತ್ವ ಬರಿದಾಗಿಯೇ ಸಾಯುತ್ತವೆಂದು ವಿಯೆನ್ನಾದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಷ್ ವಾದಿಸಿದ್ದರು. ಕಾಯಿಯನ್ನೇ ಬಿಡದ ಗಂಡು ಸ್ಪಿನಾಚ್ ಗಿಡಗಳೂ ಹೂವಾದ ಮೇಲೆ ಸಾಯುವುದು, ಹೂವುಗಳನ್ನು ಚಿವುಟಿದರೆ ಆ ಸಾವು ಮುಂದಕ್ಕೆ ಹೋಗುವುದು 1959ರ ಹೊತ್ತಿಗೆ ಗೊತ್ತಾದಾಗ, ಖರ್ಚಿನ ಜೊತೆಗೆ ಯಾವುದೋ ಸಂಕೇತವೂ ಗಿಡದೊಳಗೆ ಓಡಾಡುತ್ತದೆಂದು ಒಪ್ಪಬೇಕಾಯಿತು.

ಬಾಡಿದ ಹೂವನ್ನು ಬೀಜ ಬಲಿಯುವ ಮೊದಲೇ ಕತ್ತರಿಸುವುದು ಈ ಖರ್ಚನ್ನು ತಪ್ಪಿಸಲು. ಗುಲಾಬಿಯ ವಿಷಯದಲ್ಲಿ ಕತ್ತರಿಗೆ ಇನ್ನೊಂದು ಕೆಲಸವೂ ಇದೆ. ತುದಿಯಲ್ಲಿ ತಯಾರಾಗುವ ಆಕ್ಸಿನ್ ಕೆಳಗಿಳಿದು ಪಕ್ಕದ ಕಣ್ಣುಗಳನ್ನು, ಅಂದರೆ ಎಲೆಬುಡದಲ್ಲಿ ಚಿಗುರಲು ಕಾದಿರುವ ಮೊಗ್ಗುಗಳನ್ನು, ಮಲಗಿಸಿಡುತ್ತದೆಂದು ವಿಜ್ಞಾನಿಗಳಾದ ಥೀಮನ್ ಮತ್ತು ಸ್ಕೂಗ್ 1933ರಲ್ಲಿ ತೋರಿಸಿದರು. ತುದಿ ಹೋದರೆ ಕಣ್ಣುಗಳು ಏಳುತ್ತವೆ. ಹೂವಿಗೆ ತೀರ ಹತ್ತಿರದ ಎಲೆಗಳಲ್ಲಿ ಸಾಮಾನ್ಯವಾಗಿ ಮೂರೇ ಕಿರುಎಲೆಗಳಿದ್ದು ಅವುಗಳ ಬುಡದ ಕಣ್ಣು ಸೊರಗಿರುವುದರಿಂದ, ಐದು ಕಿರುಎಲೆಗಳಿರುವ ಮೊದಲ ಎಲೆಯವರೆಗೆ ಇಳಿದು ಅದರ ಮೇಲೆ ಕಾಲಂಗುಲ ಬಿಟ್ಟು ಕತ್ತರಿಸುವುದು ವಾಡಿಕೆ. ಗಿಡ ಚಿಕ್ಕದಿದ್ದರೆ ಅಷ್ಟು ಕೆಳಗೆ ಹೋಗದೆ ಹೂವಿನ ಬುಡದಲ್ಲೇ ಚಿವುಟಬೇಕು, ಏಕೆಂದರೆ ಎಲೆಗಳೇ ಅದರ ಅಡುಗೆಮನೆ.

ದಾಸವಾಳಕ್ಕೆ ಈ ಉಪಚಾರ ಬೇಕಿಲ್ಲ. ಅದರ ಹೂ ಹೆಚ್ಚಾಗಿ ಒಂದೇ ದಿನದ್ದು. ತೊಟ್ಟಿನಲ್ಲಿರುವ ಗಿಣ್ಣಿನಲ್ಲಿ ತಾನಾಗಿ ಕಳಚಿ ಬೀಳುತ್ತದೆ, ಮನೆಯಂಗಳದ ತಳಿಗಳು ಕಾಯಿ ಕಟ್ಟುವುದೂ ಅಪರೂಪ. ಸುತ್ತುದಳದ ನಂದಿಬಟ್ಟಲು, ಕಾಗದದ ಹೂಗಳೂ ಹೀಗೆಯೇ. ಮಲ್ಲಿಗೆಯನ್ನಂತೂ ನಾವು ಮೊಗ್ಗಿನಲ್ಲೇ ಬಿಡಿಸುತ್ತೇವೆ. ದೇವರ ತಟ್ಟೆಗೆಂದು ದಿನವೂ ಹೂ ಕೊಯ್ಯುವ ಮನೆಯಲ್ಲಿ ಬಾಡಿದ ಹೂ ಕತ್ತರಿಸುವ ಪ್ರಶ್ನೆಯೇ ಹೆಚ್ಚಾಗಿ ಏಳುವುದಿಲ್ಲ. ಕೇಪಳದ ಕೆಂಪು ಹಣ್ಣನ್ನು ಹಕ್ಕಿಗಳೂ ಕರಾವಳಿಯ ಮಕ್ಕಳೂ ತಿನ್ನುವುದರಿಂದ ಅಲ್ಲಿ ಕತ್ತರಿ ಹಾಕಲು ನನಗಂತೂ ಮನಸ್ಸಾಗದು.

ನಿಜವಾಗಿ ಕತ್ತರಿ ಬೇಕಾಗುವ ಗಿಡ ಕನಕಾಂಬರ, ಅದನ್ನೇ ನಾವು ಮರೆಯುತ್ತೇವೆ. ಮಾಲೆಗೆಂದು ಬಿಡಿಸುವಾಗ ಕೈಗೆ ಬರುವುದು ದಳದ ಕೊಳವೆ ಮಾತ್ರ. ಅಂಡಾಶಯ ತೆನೆಯ ಹಸಿರು ಹೊದಿಕೆಗಳ ನಡುವೆಯೇ ಉಳಿದಿರುತ್ತದೆ. ಹೂ ಅರಳಿ ಒಂದೆರಡು ದಿನ ಕಳೆದಿದ್ದರೆ ಪರಾಗಸ್ಪರ್ಶವೂ ಮುಗಿದಿರಬಹುದು, ಅಂದರೆ ಹೂ ಬಿಡಿಸಿದ ಮೇಲೂ ತೆನೆ ಕಾಯಿ ಕಟ್ಟುತ್ತಲೇ ಹೋಗುತ್ತದೆ. ತುದಿಯ ಹೂವೂ ಮುಗಿದ ತೆನೆಯನ್ನು ತೊಟ್ಟಿನ ಸಮೇತ ತೆಗೆದರೆ ಕೆಳಗಿನ ಗಿಣ್ಣುಗಳಿಂದ ಹೊಸ ತೆನೆಗಳು ಬರುತ್ತವೆ. ಬೀಜವನ್ನೇ ಕಟ್ಟದ, ಕಡ್ಡಿಯಿಂದಲೇ ಬೆಳೆಸಬೇಕಾದ ಡೆಲ್ಲಿ ಕನಕಾಂಬರಕ್ಕೆ ಇದರ ಅವಸರವಿಲ್ಲ. ನಿಮ್ಮದು ಯಾವುದೆಂದು ತಿಳಿಯದಿದ್ದರೆ ಪೂರ್ತಿ ಒಣಗಿದ ತೆನೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಒಂದೆರಡು ಹನಿ ನೀರು ಹಾಕಿ ಸ್ವಲ್ಪ ಹೊತ್ತು ಕಾಯಿರಿ: ಬೀಜ ಕಟ್ಟುವ ಜಾತಿಯಾದರೆ ಕಾಯಿಗಳು ಚಟ್ಟನೆ ಸಿಡಿದು ಬೀಜಗಳು ಅಂಗಳದ ಆ ತುದಿಗೆ ಹಾರುತ್ತವೆ.